ಕರೆಂಟ್ ಹೋದರೂ ನೆಟ್ ಹೋದರೂ ಟಿಮಕ್ಸ್ ಸೆಷನ್ ಉಳಿಸಿಕೊಳ್ಳುವುದು ಹೇಗೆ?

ಕಿತ್ತಳೆ_ತೋಟ (ಪ್ರಶ್ನೆ)

ಪೊನ್ನಂಪೇಟೆ ಕಡೆ ತೋಟದ ಮನೆಯಲ್ಲಿ ಡೆಬಿಯನ್ 12 ಇರುವ ಹಳೇ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡುತ್ತದೆ. ಟಿಮಕ್ಸ್ 3.3ಎ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಮಾಂಡುಗಳನ್ನು ಓಡಿಸಿ, ಸಂಪರ್ಕ ಹೋದರೂ ಅವನ್ನು ಉಳಿಸಿಕೊಳ್ಳುವ ಪ್ರೋಗ್ರಾಮ್). ಸೆಷನ್ ಒಂದೇ, ಹೆಸರು ‘ಮನೆ’. ಅದರಲ್ಲಿ ನಾಲ್ಕು ಪೇನ್ (ತೆರೆಯ ತುಂಡುಗಳು): ಯುಎಸ್‌ಬಿ ಮಳೆಮಾಪಕವನ್ನು ಓದಿ ನಿಮಿಷಕ್ಕೊಂದು ಸಾಲು ಬರೆಯುವ ಪೈಥಾನ್ ಸ್ಕ್ರಿಪ್ಟ್, ಹೊರಗಿನ ಹಾರ್ಡ್‌ಡಿಸ್ಕ್‌ನಿಂದ ಬಾಡಿಗೆ ಸರ್ವರ್‌ಗೆ ಫೋಟೊ ಕಳಿಸುವ ಆರ್‌ಸಿಂಕ್, ವಿಮ್ ಎಡಿಟರ್, ಮತ್ತೊಂದು ಖಾಲಿ ಬ್ಯಾಶ್ ಶೆಲ್. ಊರಿಂದ ಹೊರಗಿದ್ದಾಗ ಅದೇ ಬಾಡಿಗೆ ಸರ್ವರ್ ಮೂಲಕ ವೈರ್‌ಗಾರ್ಡ್ ವಿಪಿಎನ್ ಸುರಂಗದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡುತ್ತೇನೆ.

ತೊಂದರೆ ಮೂರು. ಫೈಬರ್ ಹೋಗಿ ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಯಿಸಿದರೆ ಎಸ್‌ಎಸ್‌ಎಚ್ ಕಿಟಕಿ ಕಲ್ಲಾಗಿ ನಿಲ್ಲುತ್ತದೆ. ಎರಡನೆಯದು, ನಾಲ್ಕೈದು ದಿನಕ್ಕೊಮ್ಮೆ ‘ಟಿಮಕ್ಸ್ ಅಟ್ಯಾಚ್’ ಅಂದರೆ ‘ಎರರ್ ಕನೆಕ್ಟಿಂಗ್ ಟು /ಟಿಎಂಪಿ/ಟಿಮಕ್ಸ್-1000/ಡೀಫಾಲ್ಟ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬರುತ್ತದೆ, ಆದರೆ ಪಿಎಸ್‌ನಲ್ಲಿ (ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ) ನೋಡಿದರೆ ಟಿಮಕ್ಸ್ ಜೀವಂತ ಇದೆ. ಮೂರನೆಯದು ಕರೆಂಟ್. ಹೋದರೆ ಎಲ್ಲವೂ ಹೋಯಿತು. ಸೆಷನ್ ಸೇವ್ ಮಾಡಿ ಮರಳಿಸುವ ರೆಸರೆಕ್ಟ್, ಅದನ್ನು ತಾನಾಗಿ ಮಾಡಿಸುವ ಕಂಟಿನ್ಯೂಮ್ ಎಂಬ ಎರಡು ಪ್ಲಗಿನ್ ಹಾಕಿದ್ದೇನೆ. ಪೇನ್‌ಗಳು ಒಮ್ಮೊಮ್ಮೆ ವಾಪಸ್ ಬರುತ್ತವೆ, ಸ್ಕ್ರಿಪ್ಟೂ ಆರ್‌ಸಿಂಕೂ ಬರುವುದೇ ಇಲ್ಲ. ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿಯುವ ಮೊದಲು ಇದನ್ನು ಸರಿ ಮಾಡಬೇಕು.

ಫೋನಿನಿಂದ ಬರೆಯುತ್ತಿರುವುದರಿಂದ ಕಮಾಂಡುಗಳೂ ಕನ್ನಡದಲ್ಲೇ ಇವೆ. ಉತ್ತರವನ್ನೂ ಹಾಗೇ ಕೊಡಿ, ಟೈಪ್ ಮಾಡುವಾಗ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತೇನೆ.

ಹಾರಂಗಿ_ದಂಡೆ

ಮೂರಕ್ಕೂ ಮದ್ದು ಬೇರೆ ಬೇರೆ, ಒಂದೇ ಪ್ಲಗಿನ್‌ನಿಂದ ಮೂರೂ ವಾಸಿಯಾಗುವುದಿಲ್ಲ.

ಟಿಮಕ್ಸ್‌ನಲ್ಲಿ ಸರ್ವರ್ ಒಂದು, ಕ್ಲೈಂಟ್ ಒಂದು. ಪೇನ್‌ಗಳಲ್ಲಿ ಓಡುವ ಪ್ರೋಗ್ರಾಮುಗಳೆಲ್ಲ ಸರ್ವರ್‌ನ ಮಕ್ಕಳು. ಎಸ್‌ಎಸ್‌ಎಚ್ ಸತ್ತರೆ ಸಾಯುವುದು ಕ್ಲೈಂಟ್ ಮಾತ್ರ. ಹಾಗಾಗಿ ನೆಟ್ ಹೋದಾಗ ಕೆಲಸ ನಿಲ್ಲುವುದಿಲ್ಲ, ನಿಮಗೆ ಕಾಣದಾಗುತ್ತದೆ ಅಷ್ಟೆ. ಯಂತ್ರ ರೀಬೂಟ್ ಆದರೆ ಸರ್ವರ್ ಕೂಡ ಮೆಮೊರಿಯ ಜೊತೆ ಹೋಗುತ್ತದೆ. ಆಗ ಯಾವ ಪ್ಲಗಿನ್ನೂ ಓಡುತ್ತಿದ್ದ ಪ್ರೋಗ್ರಾಮನ್ನು ಅದು ನಿಂತ ಜಾಗದಿಂದ ಮುಂದುವರಿಸಲಾರದು. ರೆಸರೆಕ್ಟ್ ಕೊಡುವುದು ನಕ್ಷೆ: ಯಾವ ವಿಂಡೋ, ಯಾವ ಪೇನ್, ಯಾವ ಡೈರೆಕ್ಟರಿ, ಯಾವ ಕಮಾಂಡ್.

ಈಗ ನಿಮ್ಮ ಎರಡನೆಯ ತೊಂದರೆ. ಸರ್ವರ್ ಬದುಕಿದೆ, ಅದನ್ನು ತಲುಪುವ ಸಾಕೆಟ್ ಫೈಲನ್ನು ಯಾರೋ ಅಳಿಸಿದ್ದಾರೆ. ಸಿಸ್ಟಮ್‌ಡಿಯ (ಬೂಟ್ ಮತ್ತು ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಟಿಎಂಪಿ ಸ್ವಚ್ಛತೆ ಬಳಕೆಯಲ್ಲಿರುವ ಸಾಕೆಟ್‌ಗಳನ್ನು ಮುಟ್ಟುವುದಿಲ್ಲ, ಅದು ಕಳ್ಳನಲ್ಲ. ಕ್ರಾನ್ (ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ಪಟ್ಟಿ) ನೋಡಿ, ನಿಮ್ಮದೂ ರೂಟ್‌ನದೂ. ‘ಫೈಂಡ್ /ಟಿಎಂಪಿ -ಎಂಟೈಮ್ +3 -ಡಿಲೀಟ್’ ಥರದ ಸಾಲು ಇದ್ದೇ ಇರುತ್ತದೆ ಅಂತ ನನ್ನ ಅನಿಸಿಕೆ. ಎಂಟೈಮ್ ಅಂದರೆ ಫೈಲು ಕೊನೆಯ ಸಲ ಬದಲಾದ ಹೊತ್ತು, ಸಾಕೆಟ್‌ಗೆ ಅದು ಸರ್ವರ್ ಹುಟ್ಟಿದ ಹೊತ್ತು. ನೀವು ದಿನಾ ಅಟ್ಯಾಚ್ ಆದರೂ ಅದು ಬದಲಾಗುವುದಿಲ್ಲ. +3 ಅಂದರೆ ಪೂರ್ತಿ ನಾಲ್ಕು ದಿನ ತುಂಬಿದ ಫೈಲು. ನಿಮ್ಮ ‘ನಾಲ್ಕೈದು ದಿನ’ಕ್ಕೆ ಲೆಕ್ಕ ಸರಿಹೋಗುತ್ತದೆ.

ಆ ಹೊತ್ತಿನಲ್ಲಿ ಗಾಬರಿಯಿಂದ ‘ಟಿಮಕ್ಸ್ ನ್ಯೂ’ ಹೊಡೆಯಬೇಡಿ. ಎರಡನೇ ಸರ್ವರ್ ಹುಟ್ಟಿ ಅದೇ ಜಾಗದಲ್ಲಿ ತನ್ನ ಸಾಕೆಟ್ ಇಟ್ಟುಕೊಳ್ಳುತ್ತದೆ, ಹಳೆಯದನ್ನು ತಲುಪುವುದು ಇನ್ನೂ ಕಷ್ಟವಾಗುತ್ತದೆ. ಬದಲಿಗೆ ‘ಪಿಗ್ರೆಪ್ -ಯು $ಯೂಸರ್ “ಟಿಮಕ್ಸ್: ಸರ್ವರ್”’ ಅಂತ ಕೊಟ್ಟು ಪಿಐಡಿ (ಆ ಪ್ರೋಗ್ರಾಮಿನ ಸಂಖ್ಯೆ) ತೆಗೆದುಕೊಳ್ಳಿ. /ಟಿಎಂಪಿ/ಟಿಮಕ್ಸ್-1000 ಡೈರೆಕ್ಟರಿಯೇ ಇಲ್ಲದಿದ್ದರೆ ಮೊದಲು ‘ಎಂಕೆಡಿರ್ -ಎಂ 700’ ಕೊಟ್ಟು ಅದನ್ನು ಮಾಡಿ. ಆಮೇಲೆ ‘ಕಿಲ್ -ಯುಎಸ್‌ಆರ್1’ ಮತ್ತು ಆ ಪಿಐಡಿ. ಹೆಸರು ಕಿಲ್ ಆದರೂ ಇದು ಕೊಲ್ಲುವುದಿಲ್ಲ, ಸಾಕೆಟ್ ಮತ್ತೆ ಸೃಷ್ಟಿಸು ಎಂಬ ಸೂಚನೆ. ಡೈರೆಕ್ಟರಿ ಇಲ್ಲದೆ ಕೊಟ್ಟರೆ ಏನೂ ಆಗುವುದಿಲ್ಲ. ಇದು ಕೆಲಸ ಮಾಡಲ್ಲ ಅಂತ ಜನ ಕೈಬಿಡುವುದು ಅಲ್ಲೇ.

ಶಾಶ್ವತ ಪರಿಹಾರಕ್ಕೆ ಆ ಕ್ರಾನ್ ಸಾಲಿಗೆ ‘-ಟೈಪ್ ಎಫ್’ ಸೇರಿಸಿ, ಮಾಮೂಲಿ ಫೈಲುಗಳು ಮಾತ್ರ ಅಳಿಯುತ್ತವೆ. ಟಿಮಕ್ಸ್_ಟಿಎಂಪಿಡಿರ್ ಬದಲಾಯಿಸಿ ಸಾಕೆಟನ್ನೇ ಬೇರೆ ಕಡೆ ಇಡಬಹುದು, ಆದರೆ ಶೆಲ್, ಕ್ರಾನ್, ಸಿಸ್ಟಮ್‌ಡಿ ಮೂರರಲ್ಲೂ ಒಂದೇ ಬೆಲೆ ಕೊಡಬೇಕು. ಒಂದರಲ್ಲಿ ಮರೆತರೂ ‘ನೋ ಸರ್ವರ್ ರನ್ನಿಂಗ್’. ಬೇಡದ ತಲೆನೋವು.

ಇನ್ನೊಂದನ್ನೂ ನೋಡಿಬಿಡಿ: /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್‌ನಲ್ಲಿ ‘ಕಿಲ್‌ಯೂಸರ್‌ಪ್ರೊಸೆಸಸ್’. ಮೂಲ ಸಿಸ್ಟಮ್‌ಡಿಯಲ್ಲಿ ಇದು ಯೆಸ್, ಡೆಬಿಯನ್ ನೋ ಮಾಡಿ ಕೊಡುತ್ತದೆ. ಯೆಸ್ ಇರುವ ಯಂತ್ರದಲ್ಲಿ ಲಾಗ್‌ಔಟ್ ಆದ ಕೂಡಲೇ ಟಿಮಕ್ಸ್ ಸರ್ವರ್ ಸಾಯುತ್ತದೆ. ಲಾಗ್‌ಔಟ್ ಆದರೂ ಯೂಸರ್ ಸರ್ವಿಸ್‌ಗಳನ್ನು ಉಳಿಸುವ ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಒಂದೇ ಸಾಲದು, ಟಿಮಕ್ಸನ್ನು ‘ಸಿಸ್ಟಮ್‌ಡಿ-ರನ್ --ಸ್ಕೋಪ್ --ಯೂಸರ್ ಟಿಮಕ್ಸ್’ ಎಂದು ಆರಂಭಿಸಬೇಕು, ಇಲ್ಲವೇ ಯೂಸರ್ ಸರ್ವಿಸ್ ಆಗಿ ಓಡಿಸಬೇಕು.

ಕರಿಮೆಣಸು

ನೆಟ್ ಭಾಗ ನಾನು ಹೇಳುತ್ತೇನೆ.

ನಿಮ್ಮಲ್ಲಿ ವೈರ್‌ಗಾರ್ಡ್ ಇರುವುದು ದೊಡ್ಡ ಅನುಕೂಲ. ಫೈಬರ್‌ನಿಂದ ಹಾಟ್‌ಸ್ಪಾಟ್‌ಗೆ ಹೋದಾಗ ಹೊರಗಿನ ಐಪಿ ಬದಲಾಗುತ್ತದೆ, ಸುರಂಗದೊಳಗಿನ ಐಪಿ ಬದಲಾಗುವುದಿಲ್ಲ. ಎಸ್‌ಎಸ್‌ಎಚ್‌ಗೆ ಕಾಣುವುದು ಒಳಗಿನದು. ಅಂದಮೇಲೆ ಸುರಂಗ ಮತ್ತೆ ಕೂಡಿಕೊಂಡ ಕೂಡಲೇ ಅದೇ ಎಸ್‌ಎಸ್‌ಎಚ್ ಮುಂದುವರಿಯಬೇಕು. ಮುಂದುವರಿಯುತ್ತಿಲ್ಲ ಎಂದರೆ ಎರಡು ಕಡೆ ಹುಡುಕಿ.

ಮನೆಯ ಯಂತ್ರದ ವೈರ್‌ಗಾರ್ಡ್ ಕಾನ್ಫಿಗ್‌ನಲ್ಲಿ ‘ಪರ್ಸಿಸ್ಟೆಂಟ್‌ಕೀಪ್‌ಅಲೈವ್ = 25’ ಇದೆಯೇ? ಇಲ್ಲದಿದ್ದರೆ ಮನೆಯ ನೆಟ್ ಹೋಗಿ ಬಂದಮೇಲೆ ಮನೆ ಕಡೆಯಿಂದ ಒಂದು ಪ್ಯಾಕೆಟ್ ಹೊರಡುವ ತನಕ ಬಾಡಿಗೆ ಸರ್ವರ್‌ಗೆ ಮನೆಯ ಹೊಸ ವಿಳಾಸ ತಿಳಿಯುವುದಿಲ್ಲ. ಮೊಬೈಲ್ ನೆಟ್‌ನಲ್ಲೂ ಹಲವು ಫೈಬರ್ ಸಂಪರ್ಕಗಳಲ್ಲೂ ಒಂದೇ ಸಾರ್ವಜನಿಕ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ ಹೊರಗಿನಿಂದ ಮನೆಯನ್ನು ತಾನಾಗಿ ತಲುಪಲು ದಾರಿ ಇರುವುದಿಲ್ಲ.

ಎರಡನೆಯದಾಗಿ, ಲ್ಯಾಪ್‌ಟಾಪ್‌ನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್ವಲ್ 15’ ಎಂದು ಎಲ್ಲಿಂದಲೋ ನಕಲು ಮಾಡಿದ್ದೀರಾ? ಅದರ ಕೌಂಟ್‌ಮ್ಯಾಕ್ಸ್ ಡೀಫಾಲ್ಟ್ 3. ಹದಿನೈದು ಮೂರಲಿ ನಲವತ್ತೈದು ಸೆಕೆಂಡು ಉತ್ತರ ಬರದಿದ್ದರೆ ಎಸ್‌ಎಸ್‌ಎಚ್ ತಾನೇ ಕೈಬಿಡುತ್ತದೆ. ಘಾಟಿಯಲ್ಲಿ ಎರಡು ನಿಮಿಷ ಸಿಗ್ನಲ್ ಹೋಗುವುದು ಮಾಮೂಲು. ಇಂಟರ್ವಲ್ 60, ಕೌಂಟ್‌ಮ್ಯಾಕ್ಸ್ 15 ಇಡಿ. ಅದಕ್ಕೂ ಹೆಚ್ಚಿಟ್ಟು ಪ್ರಯೋಜನವಿಲ್ಲ: ಲಿನಕ್ಸ್‌ನ ‘ಟಿಸಿಪಿ_ರಿಟ್ರೈಸ್2’ ಡೀಫಾಲ್ಟ್ 15, ಕಳಿಸಿದ ಡೇಟಾಗೆ ಉತ್ತರವಿಲ್ಲದಿದ್ದರೆ ಸುಮಾರು 15 ನಿಮಿಷಕ್ಕೆ ಕರ್ನೆಲ್ಲೇ ಸಂಪರ್ಕ ಮುರಿಯುತ್ತದೆ.

ಕಲ್ಲಾಗಿ ನಿಂತ ಕಿಟಕಿಯನ್ನು ಮುಚ್ಚುವ ಬದಲು ಎಂಟರ್, ಟಿಲ್ಡೆ, ಚುಕ್ಕೆ ಒತ್ತಿ. ಎಸ್‌ಎಸ್‌ಎಚ್ ಮಾತ್ರ ಸಾಯುತ್ತದೆ. ಮತ್ತೆ ಒಳಹೋಗಲು ‘ಟಿಮಕ್ಸ್ ನ್ಯೂ -ಎ -ಡಿ -ಎಸ್ ಮನೆ’, ಇಲ್ಲಿ ಎ ಮತ್ತು ಡಿ ಎರಡೂ ದೊಡ್ಡಕ್ಷರ. ಸೆಷನ್ ಇದ್ದರೆ ಸೇರಿಸುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ, ಹಿಂದೆ ಸಿಕ್ಕಿಕೊಂಡಿದ್ದ ಹಳೇ ಕ್ಲೈಂಟ್‌ಗಳನ್ನು ಬಿಡಿಸುತ್ತದೆ.

ಎಸ್‌ಎಸ್‌ಎಚ್‌ಗೆ ಬದಲಾಗಿ ಬಳಸುವ ಮಾಶ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ನಾನೇ ಹೇಳುತ್ತೇನೆ. ಒಳ್ಳೆಯದು, ಗಂಟೆಗಟ್ಟಲೆ ನೆಟ್ ಇಲ್ಲದಿದ್ದರೂ ಮತ್ತೆ ಕೂಡಿಕೊಳ್ಳುತ್ತದೆ. ಯುಡಿಪಿ 60000ರಿಂದ 61000 ಪೋರ್ಟ್ ತೆರೆದಿರಬೇಕು, ಎರಡೂ ಕಡೆ ಯುಟಿಎಫ್-8 ಲೊಕೇಲ್ ಬೇಕು, ಇಲ್ಲದಿದ್ದರೆ ಮಾಶ್-ಸರ್ವರ್ ಹೊರಡುವುದೇ ಇಲ್ಲ. ತೆರೆಯಲ್ಲಿ ಕಾಣುವುದನ್ನಷ್ಟೇ ತರುತ್ತದೆ, ಮೇಲೆ ಸ್ಕ್ರೋಲ್ ಮಾಡಲು ಬರುವುದಿಲ್ಲ, ಹಾಗಾಗಿ ಒಳಗೆ ಟಿಮಕ್ಸ್ ಬೇಕೇ ಬೇಕು. ಎಸ್‌ಎಸ್‌ಎಚ್ ಏಜೆಂಟ್ ಫಾರ್ವರ್ಡಿಂಗ್ (ಲ್ಯಾಪ್‌ಟಾಪ್‌ನಲ್ಲಿರುವ ಕೀಯನ್ನು ಆ ಕಡೆಯ ಯಂತ್ರದಿಂದ ಬಳಸುವುದು) ಅದರಲ್ಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಸತ್ತರೆ ಮಾಶ್-ಸರ್ವರ್ ಆ ಕಡೆ ಕಾಯುತ್ತಲೇ ಕೂರುತ್ತದೆ. ‘ಮಾಶ್_ಸರ್ವರ್_ನೆಟ್‌ವರ್ಕ್_ಟಿಎಂಔಟ್’ಗೆ 86400 ಕೊಟ್ಟರೆ ಒಂದು ದಿನಕ್ಕೆ ತಾನೇ ಹೋಗುತ್ತದೆ.

ಕಿತ್ತಳೆ_ತೋಟ

ಹಾರಂಗಿ ಅಣ್ಣ, ಕ್ರಾನ್ ಸಾಲು ಸಿಕ್ಕಿತು, ಅಕ್ಷರಶಃ ನೀವು ಬರೆದದ್ದೇ. ಯುಎಸ್‌ಆರ್1 ಕೊಟ್ಟಮೇಲೆ ಹಳೇ ಸೆಷನ್ ಸಿಕ್ಕಿತು. ಸರ್ವರ್‌ಅಲೈವ್ ಕೂಡ 15 ಇತ್ತು, ಬದಲಾಯಿಸಿದೆ.

ರೆಸರೆಕ್ಟ್‌ನಲ್ಲಿ ಹೊಸ ಗಂಟು. ನಿನ್ನೆ ಕರೆಂಟ್ ಹೋಗಿ ಬಂದಮೇಲೆ ಪ್ರಿಫಿಕ್ಸ್ (ಟಿಮಕ್ಸ್ ಆದೇಶಗಳಿಗೆ ಮೊದಲು ಒತ್ತುವ ಕೀ), ಕಂಟ್ರೋಲ್-ಆರ್ ಒತ್ತಿದರೆ ಏನೂ ಬರಲಿಲ್ಲ. ಕೊನೆಯ ಸೇವ್‌ಗೆ ಕೊಂಡಿಯಾದ ‘ಲಾಸ್ಟ್’ ತೋರಿಸುತ್ತಿರುವ ಫೈಲಿನ ಗಾತ್ರ 0 ಬೈಟ್. ಅದರ ಹಿಂದಿನ ಫೈಲು ಒಂಬತ್ತು ದಿನ ಹಳೆಯದು, ಹದಿನೈದು ನಿಮಿಷಕ್ಕೊಮ್ಮೆ ಸೇವ್ ಆಗಬೇಕಿತ್ತಲ್ಲ?

ಮಂಜಿನ_ಶೆಲ್

ಇಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿವೆ.

ಸೊನ್ನೆ ಬೈಟ್ ಮೊದಲು. ಫೈಲಿಗೆ ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ, ಕರ್ನೆಲ್ ಅದನ್ನು ಡೀಫಾಲ್ಟ್ ಆಗಿ ಸುಮಾರು 30 ಸೆಕೆಂಡಿನವರೆಗೆ ಮೆಮೊರಿಯಲ್ಲಿ ಇಟ್ಟುಕೊಳ್ಳಬಹುದು. ಫೈಲಿನ ಹೆಸರು ಡಿಸ್ಕ್ ಸೇರಿ, ಒಳಗಿನ ಅಕ್ಷರಗಳು ಇನ್ನೂ ಸೇರದ ಹೊತ್ತಲ್ಲಿ ಕರೆಂಟ್ ಹೋದರೆ ಹೆಸರು ಮಾತ್ರ ಉಳಿಯುತ್ತದೆ. ಈಗ ಮಾಡಬೇಕಾದ್ದು: ~/.ಲೋಕಲ್/ಶೇರ್/ಟಿಮಕ್ಸ್/ರೆಸರೆಕ್ಟ್‌ಗೆ ಹೋಗಿ (ಹಳೇ ಇನ್‌ಸ್ಟಾಲ್ ಆದರೆ ~/.ಟಿಮಕ್ಸ್/ರೆಸರೆಕ್ಟ್), ‘ಎಲ್‌ಎಸ್ -ಎಲ್’ನಲ್ಲಿ ಗಾತ್ರ ಇರುವ ಹೊಸ ಫೈಲನ್ನು ಆರಿಸಿ, ‘ಎಲ್‌ಎನ್ -ಎಸ್‌ಎಫ್ ಆ_ಫೈಲು ಲಾಸ್ಟ್’. ಆ ಫೈಲನ್ನು ತೆರೆದು ನೋಡಬಹುದು, ಟ್ಯಾಬ್‌ನಿಂದ ಬೇರ್ಪಟ್ಟ ಸಾದಾ ಅಕ್ಷರಗಳು. ‘ಪೇನ್’ ಎಂದು ಆರಂಭವಾಗುವ ಪ್ರತಿ ಸಾಲಿನಲ್ಲಿ ಸೆಷನ್ ಹೆಸರು, ವಿಂಡೋ ಸಂಖ್ಯೆ, ಡೈರೆಕ್ಟರಿ, ಕೊನೆಯಲ್ಲಿ ಆ ಪೇನ್‌ನಲ್ಲಿ ಓಡುತ್ತಿದ್ದ ಪೂರ್ತಿ ಕಮಾಂಡ್. ನಿಮ್ಮ ನಾಲ್ಕು ಪೇನ್‌ಗೆ ನಾಲ್ಕು ಸಾಲು ಇರಬೇಕು. ಮುಂದೆ ಹೀಗಾಗದಿರಲು ಟಿಮಕ್ಸ್.ಕಾನ್ಫ್‌ನಲ್ಲಿ: ‘ಸೆಟ್ -ಜಿ @ರೆಸರೆಕ್ಟ್-ಹುಕ್-ಪೋಸ್ಟ್-ಸೇವ್-ಆಲ್ “ಸಿಂಕ್”’. ಪ್ರತಿ ಸೇವ್ ಆದಮೇಲೆ ಡಿಸ್ಕಿಗೆ ತಳ್ಳುತ್ತದೆ.

ಒಂಬತ್ತು ದಿನದ ಮೌನ ಇನ್ನೂ ಮುಖ್ಯ. ಕಂಟಿನ್ಯೂಮ್‌ಗೆ ತನ್ನದೇ ಗಡಿಯಾರ ಇಲ್ಲ. ಅದು ಸ್ಟೇಟಸ್-ರೈಟ್ (ಕೆಳಗಿನ ಪಟ್ಟಿಯ ಬಲ ಭಾಗ) ಒಳಗೆ ತನ್ನ ಸ್ಕ್ರಿಪ್ಟನ್ನು ಸೇರಿಸಿಕೊಂಡು, ಕೆಳಗಿನ ಪಟ್ಟಿ ಪುನಃ ಬಿಡಿಸಿಕೊಳ್ಳುವಾಗಲೆಲ್ಲ ‘15 ನಿಮಿಷ ಆಯಿತೇ’ ಎಂದು ನೋಡುತ್ತದೆ. ಥೀಮ್ ಯಾವುದಾದರೂ ಆಮೇಲೆ ಬಂದು ಸ್ಟೇಟಸ್-ರೈಟನ್ನು ತಿದ್ದಿದರೆ ಸ್ಕ್ರಿಪ್ಟ್ ಹೋಯಿತು. ‘ಟಿಮಕ್ಸ್ ಶೋ -ಜಿವಿ ಸ್ಟೇಟಸ್-ರೈಟ್’ ಕೊಟ್ಟು ನೋಡಿ, ‘ಕಂಟಿನ್ಯೂಮ್_ಸೇವ್.ಎಸ್‌ಎಚ್’ ಎಂಬ ಹೆಸರು ಕಾಣಬೇಕು. ಕಾಣದಿದ್ದರೆ ಪ್ಲಗಿನ್ ಪಟ್ಟಿಯಲ್ಲಿ ಕಂಟಿನ್ಯೂಮನ್ನು ಕಟ್ಟಕಡೆಗೆ ಹಾಕಿ.

ಕಂಡರೂ ನಿಮ್ಮ ಸಂದರ್ಭದಲ್ಲಿ ಸಾಲದು. ಯಾರೂ ಅಟ್ಯಾಚ್ ಆಗಿಲ್ಲದಿದ್ದರೆ ಬಿಡಿಸಲು ಪಟ್ಟಿಯೇ ಇಲ್ಲ, ಹಾಗಾಗಿ ಸೇವ್ ಕೂಡ ಇಲ್ಲ. ನೀವು ಒಂಬತ್ತು ದಿನ ಒಳಗೆ ಬಂದಿರಲಿಕ್ಕಿಲ್ಲ, ಅಥವಾ ಸಾಕೆಟ್ ಹೋಗಿತ್ತು. ಮನೆಯಲ್ಲಿ ಒಂಟಿಯಾಗಿ ಓಡುವ ಯಂತ್ರಕ್ಕೆ ಕ್ರಾನ್‌ನಿಂದಲೇ ಸೇವ್ ಮಾಡಿಸಬೇಕು. ಹತ್ತು ನಿಮಿಷಕ್ಕೊಮ್ಮೆ: ‘ಟಿಮಕ್ಸ್ ಹ್ಯಾಸ್-ಸೆಷನ್ -ಟಿ ಮನೆ && ~/.ಟಿಮಕ್ಸ್/ಪ್ಲಗಿನ್ಸ್/ಟಿಮಕ್ಸ್-ರೆಸರೆಕ್ಟ್/ಸ್ಕ್ರಿಪ್ಟ್ಸ್/ಸೇವ್.ಎಸ್‌ಎಚ್ ಕ್ವಯೆಟ್’. ಮೊದಲ ಅರ್ಧ ಬಿಡಬೇಡಿ, ಸೆಷನ್ ಇಲ್ಲದ ಹೊತ್ತಲ್ಲಿ ಖಾಲಿ ನಕ್ಷೆ ಸೇವ್ ಆಗದಂತೆ ತಡೆಯುವುದು ಅದೇ. ಹಿಂದಿನದಕ್ಕೂ ಹೊಸದಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಹೊಸ ಫೈಲು ಉಳಿಯುವುದಿಲ್ಲ, ಆದ್ದರಿಂದ ಫೈಲುಗಳ ದಿನಾಂಕ ಹಳೆಯದಾಗಿ ಕಂಡರೆ ಹೆದರಬೇಡಿ.

ಬೂಟ್ ಆದಾಗ ತಾನೇ ಏಳಲು ‘@ಕಂಟಿನ್ಯೂಮ್-ರಿಸ್ಟೋರ್ ಆನ್’, ‘@ಕಂಟಿನ್ಯೂಮ್-ಬೂಟ್ ಆನ್’, ಮತ್ತು ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’. ಲಿಂಗರ್ ಇಲ್ಲದಿದ್ದರೆ ನೀವು ಲಾಗಿನ್ ಆಗುವವರೆಗೆ ಯೂಸರ್ ಸರ್ವಿಸ್ ಏಳುವುದಿಲ್ಲ. ಕಂಟಿನ್ಯೂಮ್ ಮಾಡಿಕೊಡುವ ಸರ್ವಿಸ್ ಫೈಲಿನಲ್ಲಿ ಶಟ್‌ಡೌನ್ ಹೊತ್ತಿಗೆ ಮೊದಲು ಸೇವ್, ಆಮೇಲೆ ಕಿಲ್-ಸರ್ವರ್ ಇರುತ್ತದೆ. ಸರಿಯಾಗಿ ಶಟ್‌ಡೌನ್ ಆದರೆ ಕೊನೆಯ ಕ್ಷಣದ ನಕ್ಷೆ ಸಿಗುತ್ತದೆ.

ಸ್ಕ್ರಿಪ್ಟ್ ಏಕೆ ಬರುತ್ತಿಲ್ಲ ಎಂದರೆ ರೆಸರೆಕ್ಟ್ ತನ್ನ ಚಿಕ್ಕ ಪಟ್ಟಿಯಲ್ಲಿರುವುದನ್ನು ಮಾತ್ರ ಓಡಿಸುತ್ತದೆ: ವಿಮ್, ಈಮ್ಯಾಕ್ಸ್, ಮ್ಯಾನ್, ಲೆಸ್, ಟೇಲ್, ಟಾಪ್ ಇಂಥವು. ಉಳಿದದ್ದನ್ನು ‘@ರೆಸರೆಕ್ಟ್-ಪ್ರೊಸೆಸಸ್’ಗೆ ಸೇರಿಸಬೇಕು, ಉದಾಹರಣೆಗೆ ‘“~ಪೈಥಾನ್3 ಮಳೆ.ಪಿವೈ”’. ಮುಂದಿನ ಟಿಲ್ಡೆ ಎಂದರೆ ಕಮಾಂಡ್ ಸಾಲಿನಲ್ಲಿ ಎಲ್ಲಿದ್ದರೂ ಹೊಂದಿಸು.

ಹಾರಂಗಿ_ದಂಡೆ

ಮಂಜಿನ ಶೆಲ್ ಹೇಳಿದ್ದರಲ್ಲಿ ಕೊನೆಯ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮಳೆ ಸ್ಕ್ರಿಪ್ಟನ್ನೂ ಆರ್‌ಸಿಂಕನ್ನೂ ರೆಸರೆಕ್ಟ್ ಕೈಗೆ ಕೊಡಬೇಡಿ. ‘:ಆಲ್:’ (ಎಲ್ಲವನ್ನೂ ಓಡಿಸು) ಅಂತೂ ಖಂಡಿತ ಬೇಡ.

ಆರ್‌ಸಿಂಕ್ ಕಮಾಂಡ್‌ನಲ್ಲಿ ‘--ಡಿಲೀಟ್’ ಇದೆ ಎಂದುಕೊಳ್ಳಿ. ಕರೆಂಟ್ ಬಂತು, ಯಂತ್ರ ಎದ್ದಿತು, ಹೊರಗಿನ ಹಾರ್ಡ್‌ಡಿಸ್ಕ್ ಇನ್ನೂ ಮೌಂಟ್ ಆಗಿಲ್ಲ. /ಎಂಎನ್‌ಟಿ/ಫೋಟೊ ಖಾಲಿ ಡೈರೆಕ್ಟರಿ. ರೆಸರೆಕ್ಟ್ ಹಳೇ ಕಮಾಂಡನ್ನು ನಿಷ್ಠೆಯಿಂದ ಓಡಿಸುತ್ತದೆ, ಆರ್‌ಸಿಂಕ್ ಖಾಲಿ ಮೂಲವನ್ನು ನೋಡಿ ಆ ಕಡೆಯ ಫೋಟೊಗಳನ್ನೆಲ್ಲ ಅಳಿಸುತ್ತದೆ. ನಿಮ್ಮ ಬ್ಯಾಕಪ್ ಹೋಯಿತು.

ಎರಡನ್ನೂ ಸಿಸ್ಟಮ್‌ಡಿ ಸರ್ವಿಸ್ ಮಾಡಿ, /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ, ‘ಯೂಸರ್=’ ನಿಮ್ಮ ಹೆಸರು. ಆರ್‌ಸಿಂಕ್ ಯೂನಿಟ್‌ನಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಂಎನ್‌ಟಿ/ಫೋಟೊ’, ಡಿಸ್ಕ್ ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಮೂಲಕ ಇರಲಿ. ಕಮಾಂಡ್‌ಗೆ ‘--ಪಾರ್ಷಿಯಲ್’ ಸೇರಿಸಿ, ಅರ್ಧ ಹೋದ ಫೈಲು ಉಳಿದು ಮುಂದಿನ ಸಲ ಕೆಲಸಕ್ಕೆ ಬರುತ್ತದೆ. ‘--ಡಿಲೀಟ್’ ಬೇಕೇ ಬೇಕಾದರೆ ಜೊತೆಗೆ ‘--ಮ್ಯಾಕ್ಸ್-ಡಿಲೀಟ್=50’ ಇಡಿ.

ಮಳೆ ಸ್ಕ್ರಿಪ್ಟ್‌ಗೆ ‘ರಿಸ್ಟಾರ್ಟ್=ಆಲ್ವೇಸ್’, ‘ರಿಸ್ಟಾರ್ಟ್‌ಸೆಕ್=10’. ಸ್ಕ್ರಿಪ್ಟ್ ಒಳಗೆ /ಡೆವ್/ಟಿಟಿವೈಯುಎಸ್‌ಬಿ0 ಎಂದು ಬರೆದಿದ್ದರೆ ಬದಲಾಯಿಸಿ, ರೀಬೂಟ್ ಆದಮೇಲೆ ಅದು 1 ಆಗಬಹುದು. /ಡೆವ್/ಸೀರಿಯಲ್/ಬೈ-ಐಡಿ ಒಳಗಿನ ಉದ್ದ ಹೆಸರು ಬಳಸಿ, ಅದು ಬದಲಾಗುವುದಿಲ್ಲ. ಪ್ರತಿ ಸಾಲು ಬರೆದಮೇಲೆ ‘ಫ್ಲಶ್’, ಅದರ ಹಿಂದೆಯೇ ‘ಓಎಸ್.ಎಫ್‌ಸಿಂಕ್’. ನಿಮಿಷಕ್ಕೊಂದು ಸಾಲು, ಡಿಸ್ಕಿಗೆ ಇದು ಭಾರವೇ ಅಲ್ಲ. ಮಾಡದಿದ್ದರೆ ಪೈಥಾನ್‌ನ ಬಫರ್ ಸಾವಿರಾರು ಅಕ್ಷರ ತುಂಬುವವರೆಗೆ ಹಿಡಿದುಕೊಳ್ಳುತ್ತದೆ, ಜೋರು ಮಳೆಯ ನಡುವೆ ಕರೆಂಟ್ ಹೋದರೆ ನಿಮಗೆ ಬೇಕಾದ ಗಂಟೆಯ ಲೆಕ್ಕವೇ ಇರುವುದಿಲ್ಲ.

ಟಿಮಕ್ಸ್ ಪೇನ್‌ನಲ್ಲಿ ‘ಜರ್ನಲ್‌ಸಿಟಿಎಲ್ -ಎಫ್ -ಯು ಮಳೆ’ ಓಡಲಿ. ರೆಸರೆಕ್ಟ್ ಪಟ್ಟಿಗೆ ‘ಜರ್ನಲ್‌ಸಿಟಿಎಲ್’ ಸೇರಿಸಿದರೆ ಅದು ವಾಪಸ್ ಬರುತ್ತದೆ, ಎಷ್ಟು ಸಲ ಓಡಿದರೂ ಹಾನಿ ಇಲ್ಲ. ಖಾಲಿ ಬ್ಯಾಶ್‌ಗೆ ~/.ಬ್ಯಾಶ್‌ಆರ್‌ಸಿಯಲ್ಲಿ ‘ಪ್ರಾಂಪ್ಟ್_ಕಮಾಂಡ್="ಹಿಸ್ಟರಿ -ಎ"’ ಹಾಕಿ, ಬ್ಯಾಶ್ ಹಿಸ್ಟರಿ ಬರೆಯುವುದು ಶೆಲ್ ಮುಚ್ಚುವಾಗ, ಕರೆಂಟ್ ಹೋದರೆ ಆ ಅವಕಾಶ ಸಿಗುವುದಿಲ್ಲ.

ಮಂಜಿನ_ಶೆಲ್

ಒಪ್ಪಿದೆ, ಮೌಂಟ್ ವಿಷಯ ನನಗೆ ಹೊಳೆದಿರಲಿಲ್ಲ. ಮೇಲಿನ ನನ್ನ ಉದಾಹರಣೆಯನ್ನು ಸುಮ್ಮನೆ ನೋಡಲು ಬಳಸುವ ಪ್ರೋಗ್ರಾಮುಗಳಿಗೆ ಮಾತ್ರ ಅನ್ವಯಿಸಿಕೊಳ್ಳಿ.

ಏಲಕ್ಕಿ_ಮಲೆ

ಕರೆಂಟ್ ಕಡೆಯ ಮಾತು ಯಾರೂ ಎತ್ತಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಒಂದೊಂದು ಸಲ ಎರಡು ದಿನ ಕರೆಂಟ್ ಇರುವುದಿಲ್ಲ, ಇನ್ವರ್ಟರ್ ಕೂಡ ಅಷ್ಟು ಹೊತ್ತು ಎಳೆಯಲಾರದು.

ಮನೆಯ ಇನ್ವರ್ಟರ್ ಹಿಂದೆ ಅಥವಾ ಮುಂದೆ ‘ಯುಪಿಎಸ್ / ನಾರ್ಮಲ್’ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಬಲ್ಬ್‌ಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಬೂಟ್ ಆಗುತ್ತದೆ. ಯುಪಿಎಸ್‌ಗೆ ಹಾಕಿ. ಒಂದು ಎಚ್ಚರಿಕೆ: ಯುಪಿಎಸ್ ಮೋಡ್‌ನಲ್ಲಿ ಒಪ್ಪುವ ವೋಲ್ಟೇಜ್ ಸುಮಾರು 180ರಿಂದ 260ರವರೆಗೆ ಮಾತ್ರ. ಸಂಜೆ ಪಂಪ್‌ಸೆಟ್ ಓಡುವಾಗ ನಿಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುವುದಾದರೆ ಕರೆಂಟ್ ಇದ್ದೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತದೆ. ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ.

ಬ್ಯಾಟರಿ ಮುಗಿಯುತ್ತಿದೆ ಎಂದು ಯಂತ್ರಕ್ಕೆ ಹೇಳುವ ತಂತಿ ಸಾಮಾನ್ಯ ಮನೆ ಇನ್ವರ್ಟರ್‌ನಲ್ಲಿ ಇರುವುದಿಲ್ಲ. ಯುಎಸ್‌ಬಿ ಪೋರ್ಟ್ ಇರುವ ಚಿಕ್ಕ ಯುಪಿಎಸ್ ತಂದು, ಯುಪಿಎಸ್ ಮೇಲೆ ಕಣ್ಣಿಡುವ ‘ನಟ್’ ಪ್ಯಾಕೇಜ್‌ನ ‘ಯುಎಸ್‌ಬಿಎಚ್‌ಐಡಿ-ಯುಪಿಎಸ್’ ಡ್ರೈವರ್ ಹಾಕಿದರೆ ಬ್ಯಾಟರಿ ತಗ್ಗಿದಾಗ ಸರಿಯಾದ ಶಟ್‌ಡೌನ್ ಆಗುತ್ತದೆ, ಮಂಜಿನ ಶೆಲ್ ಹೇಳಿದ ಕೊನೆಯ ಸೇವ್ ಕೂಡ. ಅದನ್ನು ಸ್ಕ್ವೇರ್ ವೇವ್ ಇನ್ವರ್ಟರ್ ಹಿಂದೆ ಜೋಡಿಸಿದರೆ ಯುಪಿಎಸ್ ಆ ಕರೆಂಟನ್ನು ಒಪ್ಪದೇ ಹೋಗಬಹುದು. ನೇರ ಗೋಡೆಯ ಸಾಕೆಟ್‌ನಿಂದ ಕೊಡಿ.

ಬಯೋಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅನ್ನು ‘ಪವರ್ ಆನ್’ ಮಾಡಿ, ಇಲ್ಲದಿದ್ದರೆ ಕರೆಂಟ್ ಬಂದರೂ ಯಾರಾದರೂ ಹೋಗಿ ಬಟನ್ ಒತ್ತಬೇಕು. ಹಳೇ ಡೆಸ್ಕ್‌ಟಾಪ್ ಎಂದಿರಿ, ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯ ಬ್ಯಾಟರಿ ಬದಲಿಸಿಬಿಡಿ. ಅದು ಸತ್ತಿದ್ದರೆ ಕರೆಂಟ್ ಹೋದಾಗ ಬಯೋಸ್ ಸೆಟ್ಟಿಂಗೂ ಅಳಿಯಬಹುದು, ಗಡಿಯಾರವೂ ಹಿಂದಕ್ಕೆ ಹೋಗುತ್ತದೆ. ತಪ್ಪು ದಿನಾಂಕದಲ್ಲಿ ಬರೆದ ಮಳೆ ಲೆಕ್ಕ ಯಾರಿಗೂ ಬೇಡ. ಗಡಿಯಾರ ಸರಿಯಾಗುವವರೆಗೆ ಮಳೆ ಸರ್ವಿಸನ್ನು ತಡೆಯಲು ‘ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್’ ಎನೇಬಲ್ ಮಾಡಿ ‘ಆಫ್ಟರ್=ಟೈಮ್-ಸಿಂಕ್.ಟಾರ್ಗೆಟ್’ ಹಾಕಬಹುದು. ಆದರೆ ನೆಟ್ ಬರದಿದ್ದರೆ ಸ್ಕ್ರಿಪ್ಟ್ ಕಾಯುತ್ತಲೇ ಇರುತ್ತದೆ. ನಾಣ್ಯ ಬ್ಯಾಟರಿ ಒಳ್ಳೆಯದಿದ್ದರೆ ಇದು ಬೇಡ.

ಸುರಂಗದ ಒಂದು ಮಾತು: ವೈರ್‌ಗಾರ್ಡ್ ಕಾನ್ಫಿಗ್‌ನಲ್ಲಿ ಬಾಡಿಗೆ ಸರ್ವರ್‌ನ ವಿಳಾಸ (‘ಎಂಡ್‌ಪಾಯಿಂಟ್’) ಹೆಸರಿನಲ್ಲಿದ್ದರೆ ಐಪಿಗೆ ಬದಲಾಯಿಸಿ. ಕರೆಂಟ್ ಬಂದಾಗ ಡೆಸ್ಕ್‌ಟಾಪ್ ಬೇಗ ಏಳುತ್ತದೆ, ಫೈಬರ್ ಪೆಟ್ಟಿಗೆ ತಡವಾಗಿ. ಆ ನಡುವೆ ಹೆಸರು ಬಿಡಿಸಲಾಗದೆ ವೈರ್‌ಗಾರ್ಡ್ ಸ್ವಲ್ಪ ಹೊತ್ತು ಪ್ರಯತ್ನಿಸಿ ಕೈಬಿಡುತ್ತದೆ, ನೀವು ಬೆಂಗಳೂರಿನಲ್ಲಿ ಕೂತು ಮನೆಗೆ ಯಾರನ್ನಾದರೂ ಕಳಿಸಬೇಕಾಗುತ್ತದೆ.

ಕಿತ್ತಳೆ_ತೋಟ

ಎರಡೂ ಸರ್ವಿಸ್ ಮಾಡಿದೆ, ಲಿಂಗರ್ ಹಾಕಿದೆ, ಸ್ವಿಚ್ ನಾರ್ಮಲ್‌ನಲ್ಲೇ ಇತ್ತು, ತಿರುಗಿಸಿದೆ. ಎರಡು ಪ್ರಶ್ನೆ ಉಳಿದವು. ಮತ್ತೆ ಅಟ್ಯಾಚ್ ಆದಮೇಲೆ ಹಳೇ ಪೇನ್‌ನಲ್ಲಿ ಗಿಟ್ ಪುಶ್ ಮಾಡಿದರೆ ಕೀ ಸಿಗುತ್ತಿಲ್ಲ ಅನ್ನುತ್ತದೆ, ಹೊಸ ಪೇನ್‌ನಲ್ಲಿ ಸರಿ ಇದೆ. ಇನ್ನೊಂದು, ಪ್ಲಗ್ ಕೀಳದೆ ಇದನ್ನೆಲ್ಲ ಪರೀಕ್ಷಿಸುವುದು ಹೇಗೆ?

ಕರಿಮೆಣಸು

ಪ್ರತಿ ಎಸ್‌ಎಸ್‌ಎಚ್ ಲಾಗಿನ್‌ಗೂ ಏಜೆಂಟ್ ಸಾಕೆಟ್‌ನ ಹಾದಿ ಹೊಸದು. ಟಿಮಕ್ಸ್ ಅದನ್ನು ತನ್ನಲ್ಲಿ ಬದಲಾಯಿಸಿಕೊಂಡು ಹೊಸ ಪೇನ್‌ಗೆ ಕೊಡುತ್ತದೆ, ಆಗಲೇ ಓಡುತ್ತಿರುವ ಶೆಲ್ಲಿನ ಒಳಗೆ ಕೈ ಹಾಕಲು ಅದಕ್ಕೆ ಬರುವುದಿಲ್ಲ. ಹಳೇ ಪೇನ್‌ನಲ್ಲಿ ‘ಇವಾಲ್ $(ಟಿಮಕ್ಸ್ ಶೋ-ಎನ್ವಿರಾನ್‌ಮೆಂಟ್ -ಎಸ್ ಎಸ್‌ಎಸ್‌ಎಚ್_ಆತ್_ಸಾಕ್)’ ಒಮ್ಮೆ ಹೊಡೆಯಿರಿ. ಬ್ಯಾಶ್‌ಆರ್‌ಸಿಯಲ್ಲಿ ಇದಕ್ಕೊಂದು ಅಲಿಯಾಸ್ ಮಾಡಿಟ್ಟರೆ ಸಾಕು.

ಏಲಕ್ಕಿ_ಮಲೆ

ಪರೀಕ್ಷೆಗೆ: ಫೋಟೊ ಡಿಸ್ಕನ್ನು ಅನ್‌ಮೌಂಟ್ ಮಾಡಿ, ವಿಮ್‌ನಲ್ಲಿರುವುದನ್ನು ಸೇವ್ ಮಾಡಿ, ರೂಟ್ ಆಗಿ ‘ಎಕೋ ಬಿ > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್’. ಡಿಸ್ಕಿಗೆ ಏನನ್ನೂ ಬರೆಯದೆ ಆ ಕ್ಷಣವೇ ರೀಬೂಟ್ ಆಗುತ್ತದೆ, ಕರೆಂಟ್ ಹೋದದ್ದಕ್ಕೆ ಹತ್ತಿರದ ಅನುಭವ. ನೀವು ಮನೆಯಲ್ಲೇ ಇರುವ ದಿನ ಮಾಡಿ, ದೂರದಿಂದ ಬೇಡ. ಎದ್ದಮೇಲೆ ಲಾಗಿನ್ ಆಗುವ ಮೊದಲು ಐದು ನಿಮಿಷ ಬಿಡಿ, ಆಮೇಲೆ ಫೋನಿನ ನೆಟ್‌ನಿಂದ ಸುರಂಗದ ಮೂಲಕ ಬಂದು ‘ಟಿಮಕ್ಸ್ ಎಲ್‌ಎಸ್’ ನೋಡಿ. ಮಳೆ ಫೈಲಿನ ಕೊನೆಯ ಸಾಲಿನ ಹೊತ್ತಿಗೂ ರೀಬೂಟ್ ಆದ ಹೊತ್ತಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ಎಫ್‌ಸಿಂಕ್ ಸಾಲು ತಪ್ಪು ಜಾಗದಲ್ಲಿದೆ.

ಬಯೋಸ್‌ನ ಪವರ್ ಆನ್ ಸೆಟ್ಟಿಂಗ್ ಇದರಿಂದ ಪರೀಕ್ಷೆ ಆಗುವುದಿಲ್ಲ. ಅದಕ್ಕೆ ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡುವ ಬದಲು ಬಯೋಸ್ ಪರದೆಯಲ್ಲೇ ನಿಲ್ಲಿಸಿ, ಡಿಸ್ಕ್ ಸುಮ್ಮನಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ.